ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಜಾಗ ಕಾಯಲು ಯಾವ ಪ್ಲಗಿನ್? ಗ್ರೀಫ್‌ಪ್ರಿವೆನ್ಷನ್, ವರ್ಲ್ಡ್‌ಗಾರ್ಡ್, ಟೌನಿ

ಗುರುತು ಪರಿಚಯ ಇಲ್ಲದವರನ್ನು ಸರ್ವರ್ ಒಳಗೆ ಬಿಟ್ಟುಕೊಂಡರೆ ಒಂದಲ್ಲ ಒಂದು ದಿನ ಯಾರದೋ ಚೆಸ್ಟ್ ಖಾಲಿಯಾಗುತ್ತದೆ, ಯಾರದೋ ಗೋಡೆ ಮಾಯವಾಗುತ್ತದೆ. ಅದನ್ನು ತಡೆಯಲು ಎಲ್ಲರೂ ಹೇಳುವ ಪ್ಲಗಿನ್ (ಸರ್ವರ್‌ಗೆ ಹೊಸ ಕೆಲಸ ಸೇರಿಸುವ ಪ್ರೋಗ್ರಾಂ) ಮೂರು: ಗ್ರೀಫ್‌ಪ್ರಿವೆನ್ಷನ್, ವರ್ಲ್ಡ್‌ಗಾರ್ಡ್, ಟೌನಿ. ಮೂರನ್ನೂ ಪೇಪರ್ (ಪ್ಲಗಿನ್ ಓಡಿಸುವ ಸರ್ವರ್ ಸಾಫ್ಟ್‌ವೇರ್) ಸರ್ವರ್ ಮೇಲೆ ಹಾಕಿ, ಜನರನ್ನು ಆಡಲು ಬಿಟ್ಟು ನೋಡಿದ್ದೇನೆ. ಕಾಯುವ ಕೆಲಸವನ್ನು ಮೂರೂ ಸರಿಯಾಗಿಯೇ ಮಾಡುತ್ತವೆ. ಆದರೆ ಅದರ ತಲೆನೋವು ಯಾರಿಗೆ? ಅಡ್ಮಿನ್‌ಗಾ, ಆಟಗಾರನಿಗಾ, ಊರಿನ ಮೇಯರ್‌ಗಾ? ಆಯ್ಕೆ ನಿಂತಿರುವುದು ಅಲ್ಲಿ.

ಗ್ರೀಫ್‌ಪ್ರಿವೆನ್ಷನ್ ಹಾಕಿದರೆ ಅಡ್ಮಿನ್ ಹೆಚ್ಚು ಕಡಿಮೆ ಆರಾಮಾಗಿ ಇರಬಹುದು. ಹೊಸಬ ಮೊದಲ ಚೆಸ್ಟ್ ಇಟ್ಟ ಕೂಡಲೇ ಅದರ ಸುತ್ತ ಒಂದು ಚಿಕ್ಕ ಕ್ಲೇಮ್, ಅಂದರೆ ಅವನ ಹೆಸರಿನ ಕಾವಲು ಜಾಗ, ತಾನಾಗಿಯೇ ಆಗುತ್ತದೆ. ಆಮೇಲೆ ಅವನೇ ಚಿನ್ನದ ಸಲಿಕೆ ಹಿಡಿದು ಎದುರುಬದುರು ಎರಡು ಮೂಲೆ ಕ್ಲಿಕ್ ಮಾಡಿದರೆ ಜಾಗ ಅವನದು. ಇದು ಯಾರ ಜಾಗ ಅಂತ ತಿಳಿಯಬೇಕಾ? ಕೈಯಲ್ಲಿ ಕೋಲು ಹಿಡಿದು ನೆಲದ ಮೇಲೆ ಕ್ಲಿಕ್ ಮಾಡಿ, ಗಡಿ ಹೊಳೆಯುತ್ತದೆ. ಕ್ಲೇಮ್ ಮಾಡಲು ಬೇಕಾದ ಬ್ಲಾಕ್‌ಗಳು ಆಡಿದ ಸಮಯಕ್ಕೆ ತಕ್ಕಂತೆ ಸಿಗುತ್ತವೆ, ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಮುಟ್ಟದಿದ್ದರೆ ಗಂಟೆಗೆ 100. ಲೆಕ್ಕ ಹಿಡಿಯುವುದು ನೆಲದ ವಿಸ್ತೀರ್ಣಕ್ಕೆ ಮಾತ್ರ, ಎತ್ತರಕ್ಕೆ ಅಲ್ಲ. ಅಂದರೆ 30×30 ಅಂಗಳಕ್ಕೆ 900 ಬ್ಲಾಕ್ ಸಾಕು, ಮೇಲೆ ಎಷ್ಟು ಮಹಡಿ ಕಟ್ಟಿದರೂ ಅಷ್ಟೇ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ನಂಬಿಕೆಯ ಮೆಟ್ಟಿಲುಗಳು. ಟ್ರಸ್ಟ್ ಕೊಟ್ಟರೆ ಗೆಳೆಯ ನಿಮ್ಮ ಜಾಗದಲ್ಲಿ ಕಟ್ಟಬಹುದು, ಒಡೆಯಬಹುದು. ಕಂಟೇನರ್‌ಟ್ರಸ್ಟ್ ಕೊಟ್ಟರೆ ಚೆಸ್ಟ್ ತೆಗೆಯಬಹುದು, ಗೋಡೆ ಮುಟ್ಟುವ ಹಾಗಿಲ್ಲ. ಆಕ್ಸೆಸ್‌ಟ್ರಸ್ಟ್ ಅಂದರೆ ಬಾಗಿಲು, ಬಟನ್, ಹಾಸಿಗೆ, ಅಷ್ಟೇ. ಜಗಳಗಳಲ್ಲಿ ಅರ್ಧ ಇಲ್ಲಿಗೇ ನಿಲ್ಲುತ್ತವೆ, ಯಾಕೆಂದರೆ ಚೆಸ್ಟ್ ಯಾರು ತೆಗೆಯಬಹುದು ಅಂತ ತೀರ್ಮಾನ ಮಾಡಿದವನು ಜಾಗದ ಮಾಲೀಕ, ನೀವಲ್ಲ. ಕೊರತೆ ಇಲ್ಲ ಅಂತಲ್ಲ. ಕ್ಲೇಮ್ ಯಾವಾಗಲೂ ಚೌಕ ಅಥವಾ ಆಯತ. ಒಂದು ಜಾಗದಲ್ಲಿ ಪಿವಿಪಿ (ಆಟಗಾರರ ನಡುವಿನ ಕಾಳಗ) ಬೇಡ, ಇನ್ನೊಂದರಲ್ಲಿ ರಾಕ್ಷಸರು ಹುಟ್ಟಬಾರದು ಅನ್ನುವಂಥ ಬೇರೆ ಬೇರೆ ನಿಯಮ ಬೇಕಾದರೆ ಇದೊಂದೇ ಸಾಲದು.

ಅಲ್ಲಿಗೆ ವರ್ಲ್ಡ್‌ಗಾರ್ಡ್ ಬೇಕು. ಇದು ಒಂಟಿಯಾಗಿ ಓಡುವುದಿಲ್ಲ, ಮೊದಲು ವರ್ಲ್ಡ್‌ಎಡಿಟ್ ಅನ್ನುವ ಇನ್ನೊಂದು ಪ್ಲಗಿನ್ ಹಾಕಿರಬೇಕು. ಮರದ ಕೊಡಲಿಯಿಂದ ಜಾಗ ಆರಿಸಿ, ಹೆಸರು ಕೊಟ್ಟು ರೀಜನ್ ಮಾಡಿ, ಮೇಲೆ ಫ್ಲ್ಯಾಗ್ (ಆ ಜಾಗದ ನಿಯಮ) ಹಾಕುತ್ತಾ ಹೋಗುವುದು. ಪಿವಿಪಿ, ಟಿಎನ್‌ಟಿ, ಕ್ರೀಪರ್ ಸ್ಫೋಟ, ಒಳಗೆ ಬರುವವರಿಗೆ ಸ್ವಾಗತದ ಮಾತು, ಎಲ್ಲಕ್ಕೂ ಫ್ಲ್ಯಾಗ್ ಇದೆ. ಒಂದರ ಮೇಲೊಂದು ರೀಜನ್ ಬಂದರೆ ಯಾವುದರ ಮಾತು ನಡೆಯಬೇಕು ಅಂತ ಪ್ರಯಾರಿಟಿ ಕೊಡಬಹುದು. ಸ್ಪಾನ್ (ಆಟಗಾರರು ಮೊದಲು ಬಂದಿಳಿಯುವ ಜಾಗ), ಅಂಗಡಿ ಬೀದಿ, ಕಾಳಗದ ಅಖಾಡ, ಇಂಥವಕ್ಕೆ ಇದರ ಸಮ ಇನ್ನೊಂದಿಲ್ಲ ಅಂತಲೇ ಹೇಳುತ್ತೇನೆ.

ಎರಡು ಕಡೆ ಮಾತ್ರ ಎಚ್ಚರ. ಕೊಡಲಿಯಿಂದ ಆರಿಸಿದ್ದು ಎರಡು ಮೂಲೆಗಳ ನಡುವಿನ ಡಬ್ಬಿ ಅಷ್ಟೇ. ಎಕ್ಸ್‌ಪ್ಯಾಂಡ್ ವರ್ಟ್ ಕಮಾಂಡ್ ಕೊಟ್ಟು ಪಾತಾಳದಿಂದ ಆಕಾಶದವರೆಗೆ ಎಳೆಯದಿದ್ದರೆ ಕಳ್ಳ ಕೆಳಗಿಂದ ಸುರಂಗ ಹೊಡೆದು ಬರುತ್ತಾನೆ. ಇನ್ನೊಂದು, ಬಿಲ್ಡ್ ಫ್ಲ್ಯಾಗ್ ಅನ್ನು ಡಿನೈ ಮಾಡಬೇಡಿ. ರೀಜನ್ ಮಾಡಿದ ಕೂಡಲೇ ಹೊರಗಿನವರಿಗೆ ತಡೆ ಬಿದ್ದೇ ಇರುತ್ತದೆ, ಈ ಫ್ಲ್ಯಾಗ್ ಹಾಕಿದರೆ ಸದಸ್ಯರೂ ಒಳಗೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಆದರೆ ಆಟಗಾರರ ಮನೆಗಳಿಗೂ ವರ್ಲ್ಡ್‌ಗಾರ್ಡ್ ಒಂದನ್ನೇ ನಂಬಿದರೆ ಕಷ್ಟ. ಅವರೇ ಕ್ಲೇಮ್ ಮಾಡಿಕೊಳ್ಳುವ ದಾರಿ ಇದೆ, ಆದರೆ ಅದಕ್ಕೆ ವರ್ಲ್ಡ್‌ಎಡಿಟ್‌ನಲ್ಲಿ ಜಾಗ ಆರಿಸುವ ಅನುಮತಿ ಎಲ್ಲರಿಗೂ ಕೊಡಬೇಕು. ಕೊಡದಿದ್ದರೆ "ಅಣ್ಣಾ, ನನ್ನ ಮನೆಗೊಂದು ರೀಜನ್ ಮಾಡಿಕೊಡಿ" ಅನ್ನುವ ಮೆಸೇಜ್ ದಿನಾ ಬರುತ್ತದೆ. ಇಪ್ಪತ್ತು ಜನ ಇದ್ದರೂ ಸಾಕು, ಆಡಲು ಕೂತ ಅಡ್ಮಿನ್ ಸರ್ವೇಯರ್ ಆಗಿಬಿಡುತ್ತಾನೆ.

ಟೌನಿಯ ದಾರಿಯೇ ಬೇರೆ. ಇಲ್ಲಿ ಜಾಗ ಊರಿನದು, ಊರಿಗೆ ಮೇಯರ್ ಇರುತ್ತಾನೆ, ಊರುಗಳು ಸೇರಿ ದೇಶ ಆಗುತ್ತವೆ. ಜಾಗ ಕೊಳ್ಳುವುದು 16×16 ಚಂಕ್ ಲೆಕ್ಕದಲ್ಲಿ. ತೆರಿಗೆ ಇದೆ, ದಿನದ ನಿರ್ವಹಣೆ ಖರ್ಚು ಇದೆ, ಊರಿನ ಬೊಕ್ಕಸ ಬರಿದಾದರೆ ಊರೇ ಬೀಳಬಹುದು. ಹಣದ ಭಾಗ ನಡೆಯಲು ವಾಲ್ಟ್ ಬೇಕು. ವಾಲ್ಟ್ ಹಾಕಿದರೆ ದುಡ್ಡು ಬರುತ್ತದೆ ಅಂದುಕೊಳ್ಳುವವರು ಜಾಸ್ತಿ. ಅದು ಬರೀ ಸೇತುವೆ, ನಿಜವಾದ ಹಣದ ವ್ಯವಸ್ಥೆ ಕೊಡಲು ಎಸೆನ್ಷಿಯಲ್ಸ್‌ಎಕ್ಸ್ ತರಹದ ಇನ್ನೊಂದು ಪ್ಲಗಿನ್ ಬೇಕು. ಹತ್ತಿರದ ಗೆಳೆಯರು ನಾಲ್ಕೈದು ಜನ ಆಡುವ ಸರ್ವರ್‌ಗೆ ಟೌನಿ ಹಾಕುವುದು ಸುಮ್ನೆ ದಂಡ, ಎಲ್ಲರೂ ಮೇಯರ್, ಪ್ರಜೆ ಯಾರೂ ಇಲ್ಲ. ಜನ ತುಂಬಿರುವ, ರಾಜಕೀಯ, ಮೈತ್ರಿ, ಜಗಳ ಬೇಕು ಅನ್ನುವ ಸರ್ವರ್‌ಗೆ ಮಾತ್ರ ಇದರ ಮಜಾ ಬೇರೆಯೇ. ಕಾನ್ಫಿಗ್ ಫೈಲ್ ಉದ್ದ ಇದೆ, ಕೂತು ಓದಲೇಬೇಕು.

ನನ್ನ ಸರ್ವರ್‌ನಲ್ಲಿ ಕೊನೆಗೆ ಉಳಿದಿದ್ದು ಜೋಡಿ: ಮನೆಗಳಿಗೆ ಗ್ರೀಫ್‌ಪ್ರಿವೆನ್ಷನ್, ಸ್ಪಾನ್‌ಗೆ ವರ್ಲ್ಡ್‌ಗಾರ್ಡ್. ಎರಡೂ ಹೊಡೆದಾಡುವುದಿಲ್ಲ. ವರ್ಲ್ಡ್‌ಗಾರ್ಡ್‌ನಲ್ಲಿ ಕಟ್ಟುವ ಅನುಮತಿ ಇಲ್ಲದ ಕಡೆ ಗ್ರೀಫ್‌ಪ್ರಿವೆನ್ಷನ್ ಕ್ಲೇಮ್ ಮಾಡಲು ಬಿಡುವುದಿಲ್ಲ, ಹಾಗಾಗಿ ಸ್ಪಾನ್ ಮಧ್ಯೆ ಯಾರೂ ಬೇಲಿ ಹಾಕಿ ಕೂರಲು ಆಗುವುದಿಲ್ಲ. ಯಾವುದನ್ನು ಆರಿಸಿದರೂ ಅದಕ್ಕೂ ಮೊದಲು ಕೋರ್‌ಪ್ರೊಟೆಕ್ಟ್ ಹಾಕಿ. ಯಾರು ಯಾವ ಬ್ಲಾಕ್ ಒಡೆದರು, ಚೆಸ್ಟ್‌ನಿಂದ ಏನು ತೆಗೆದರು ಅಂತ ಬರೆದಿಟ್ಟು, ಬೇಕಾದಾಗ ರೋಲ್‌ಬ್ಯಾಕ್ ಮಾಡಿ ಮೊದಲಿನ ಸ್ಥಿತಿಗೆ ತರುತ್ತದೆ. ಹಾಕಿದ ಮೇಲೆ ನಡೆದದ್ದು ಮಾತ್ರ ಅದಕ್ಕೆ ಗೊತ್ತು, ಅದಕ್ಕೇ ಮೊದಲು ಅಂದಿದ್ದು. ಡೇಟಾಬೇಸ್ ಬೆಳೆಯುತ್ತಾ ಹೋಗುತ್ತದೆ, ಆಗಾಗ ಪರ್ಜ್ ಮಾಡಿ ಹಳೆಯದನ್ನು ಅಳಿಸಿ.

ಹಾಕುವ ವಿಧಾನ ಸುಲಭ: ಜಾರ್ ಫೈಲನ್ನು ಪ್ಲಗಿನ್ಸ್ ಫೋಲ್ಡರ್‌ಗೆ ಹಾಕಿ ಸರ್ವರ್ ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿ. ರಿಲೋಡ್ ಕಮಾಂಡ್ ಬೇಡ, ಹಳೆಯ ಕೋಡ್ ಅರ್ಧ ಮೆಮೊರಿಯಲ್ಲೇ ಉಳಿದು ವಿಚಿತ್ರ ಎರರ್ ಬರುತ್ತದೆ. ಪ್ಲಗಿನ್ಸ್ ಕಮಾಂಡ್ ಕೊಟ್ಟಾಗ ಹೆಸರು ಕೆಂಪಾಗಿ ಕಂಡರೆ ಲಾಗ್ ತೆಗೆದು ನೋಡಿ. ಹೆಚ್ಚಿನ ಸಲ ಆವೃತ್ತಿ ಹೊಂದಿಲ್ಲ ಅಥವಾ ಜೊತೆಗೆ ಬೇಕಾದ ಪ್ಲಗಿನ್ ಇಲ್ಲ. ಮೈನ್‌ಕ್ರಾಫ್ಟ್ 1.20.5ರಿಂದ ಕನಿಷ್ಠ ಜಾವಾ 21 ಬೇಕು, ಅದನ್ನೂ ನೋಡಿಕೊಳ್ಳಿ. ಕಾನ್ಫಿಗ್‌ನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ದುಡ್ಡು ಕೊಟ್ಟು ಕೊಳ್ಳಬೇಕಾದ ಪ್ಲಗಿನ್ ಪುಕ್ಕಟೆ ಕೊಡುವ ಸೈಟ್‌ಗಳ ಕಡೆ ತಲೆ ಹಾಕಲೇಬೇಡಿ. 2023ರ ಜೂನ್‌ನಲ್ಲಿ ಕರ್ಸ್‌ಫೋರ್ಜ್, ಬುಕ್ಕಿಟ್‌ಡೆವ್‌ನಂಥ ಹೆಸರಾಂತ ಕಡೆಯೇ ಕದ್ದ ಖಾತೆಗಳಿಂದ ಮಾಲ್‌ವೇರ್ ನುಗ್ಗಿತ್ತು, ಇನ್ನು ಕದ್ದ ಮಾಲಿನ ಕಥೆ ಕೇಳಬೇಕಾ?

ಪರೀಕ್ಷೆ ಮಾಡುವಾಗ ಆಪ್ (ಸರ್ವರ್‌ನ ಆಪರೇಟರ್ ಅಧಿಕಾರ) ತೆಗೆದ ಖಾತೆಯಿಂದ ಮಾಡಿ. ಆಪ್ ಇದ್ದವರನ್ನು ವರ್ಲ್ಡ್‌ಗಾರ್ಡ್ ತಡೆಯುವುದಿಲ್ಲ, ಕಾವಲು ಕೆಲಸ ಮಾಡುತ್ತಿಲ್ಲ ಅಂತ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀರಿ. ಗ್ರೀಫ್‌ಪ್ರಿವೆನ್ಷನ್ ಹಾಗಲ್ಲ, ಇಗ್ನೋರ್‌ಕ್ಲೇಮ್ಸ್ ಕಮಾಂಡ್ ಕೊಡುವವರೆಗೆ ಅಡ್ಮಿನ್‌ನನ್ನೂ ಹೊರಗೇ ನಿಲ್ಲಿಸುತ್ತದೆ.