ತಾರೀಕು ಹಾಕಿದ ಧ್ಯಾನ ಪುಸ್ತಕ: ಹನ್ನೊಂದು ತಿಂಗಳು ಬಳಸಿದ ಮೇಲೆ

ಹೋದ ಡಿಸೆಂಬರ್‌ನಲ್ಲಿ ಚರ್ಚಿನಲ್ಲಿ ಆರಾಧನೆ ಮುಗಿಸಿ ಹೊರಗೆ ಬಂದಾಗ ಮೆಟ್ಟಿಲ ಪಕ್ಕ ಪುಸ್ತಕದ ಮೇಜು ಹಾಕಿದ್ದರು. ಅಲ್ಲಿ ಕೊಂಡದ್ದು ಈ ಅನುದಿನದ ಧ್ಯಾನ ಪುಸ್ತಕ. ದಿನಕ್ಕೊಂದು ಪುಟ. ಮೇಲೆ ತಾರೀಕು, ಅದರ ಕೆಳಗೆ ಬೈಬಲ್ಲಿನ ಒಂದು ವಚನ, ಆಮೇಲೆ ಒಂದು ಸಣ್ಣ ಕಥೆ, ಕೊನೆಗೆ ಎರಡು ಸಾಲಿನ ಪ್ರಾರ್ಥನೆ. 220 ರೂಪಾಯಿ. ಪ್ರಕಾಶಕರ ಹೆಸರು ಬೇಡ ಬಿಡಿ. ಇಂಥವೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ನನ್ನ ತಕರಾರೂ ಆ ಅಚ್ಚಿನ ಬಗ್ಗೆಯೇ.

ನಾನು ಧಾರವಾಡದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಾಗಾಗಿ ಪುಸ್ತಕ ಕೈಗೆ ಬಂದ ಕೂಡಲೇ ನೋಡಿದ್ದು ಹೊಲಿಗೆಯನ್ನು. ಅದು ಚೆನ್ನಾಗಿದೆ. ಬರೀ ಗೋಂದು ಹಚ್ಚಿದ್ದಲ್ಲ, ದಾರದಲ್ಲಿ ಹೊಲಿದದ್ದು. ಮಷೀನಿನ ಹಲಗೆ ಮೇಲೆ ಬಿಡಿಸಿಟ್ಟರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಕಾಗದ ತೆಳುವಾದರೂ ಹಿಂದಿನ ಪುಟದ ಅಕ್ಷರ ಕಾಣುವುದಿಲ್ಲ. ಅಕ್ಷರ ಮಾತ್ರ ಸಣ್ಣದು. ಸೂಜಿಗೆ ದಾರ ಪೋಣಿಸಲು ಇಟ್ಟುಕೊಂಡ ಕನ್ನಡಕವನ್ನೇ ಇದಕ್ಕೂ ಹಾಕಬೇಕಾಯಿತು.

ಭಾಷೆಯ ವಿಷಯಕ್ಕೆ ಬಂದರೆ, ಬೇರೆ ಕಡೆಯವರು ಬರೆದದ್ದನ್ನು ಕನ್ನಡಕ್ಕೆ ತಂದಿದ್ದಾರೆ, ಅದು ಪುಟಪುಟದಲ್ಲೂ ಗೊತ್ತಾಗುತ್ತದೆ. ಜನವರಿಯಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ಕಾರು. ಜುಲೈ ತುಂಬ ಬಿಸಿಲು, ಸಮುದ್ರದಂಡೆ, ರಜೆ. ಧಾರವಾಡದ ಜುಲೈ ಅಂದರೆ ಜಿಟಿಜಿಟಿ ಮಳೆ, ಒಳಗಡೆ ಹಗ್ಗ ಕಟ್ಟಿ ಹಾಕಿದರೂ ಒಣಗದ ಅಸ್ತರದ ಬಟ್ಟೆ. ಕಥೆಯ ತಿರುಳು ತಿಳಿಯುವುದಿಲ್ಲ ಅಂತಲ್ಲ. ಆದರೆ ಬೇರೆಯವರ ಅಳತೆ ಬ್ಲೌಸು ಇಟ್ಟುಕೊಂಡು ನಮಗೆ ಹೊಲಿದಂತೆ, ಭುಜದ ಹತ್ತಿರ ಎಲ್ಲೋ ಎಳೆಯುತ್ತದೆ.

ಇಷ್ಟನ್ನೆಲ್ಲ ಸಹಿಸಿಕೊಳ್ಳಬಹುದು. ನನ್ನನ್ನು ಸೋಲಿಸಿದ್ದು ತಾರೀಕು.

ಜನವರಿ ಪೂರ್ತಿ ಒಂದು ದಿನವೂ ತಪ್ಪಲಿಲ್ಲ, ಸ್ವಲ್ಪ ಜಂಬವೂ ಬಂತು. ಫೆಬ್ರವರಿಯಲ್ಲಿ ಮದುವೆ ಸೀಸನ್ ಶುರುವಾಯಿತು. ಖಣದ ಬ್ಲೌಸು, ಪೈಪಿಂಗು, ಹಿಂದೆ ಲಟಕನ್ನು, ಎಲ್ಲವೂ "ನಾಳೆ ಬೇಕ್ರೀ". ರಾತ್ರಿ ಹನ್ನೊಂದಕ್ಕೆ ಮಷೀನ್ ಮುಚ್ಚಿದರೆ ಬೆಳಿಗ್ಗೆ ಐದಕ್ಕೆ ಮತ್ತೆ ತೆಗೆಯಬೇಕು. ಮಾರ್ಚ್ ನಡುವಿಗೆ ಬಂದಾಗ 19 ಪುಟ ಬಾಕಿ. ಗಿರಾಕಿಗೆ ನಾನು ಬರೆದುಕೊಡುವ ಚೀಟಿಯಲ್ಲಿ ಕೊಡುವ ತಾರೀಕು ಇರುತ್ತದಲ್ಲ, ಆ ತಾರೀಕು ದಾಟಿದ ಮೇಲೆ ಅವರು ಬಾಗಿಲಲ್ಲಿ ನಿಂತು "ಆತೇನ್ರೀ?" ಅನ್ನುತ್ತಾರಲ್ಲ, ಈ ಪುಸ್ತಕವೂ ಹಾಗೇ ಕೇಳತೊಡಗಿತು. ಒಂದು ಭಾನುವಾರ ಮಧ್ಯಾಹ್ನ ಕೂತು 19 ಪುಟವನ್ನೂ ಒಂದೇ ಏಟಿಗೆ ಓದಿ ಮುಗಿಸಿದೆ. ಎದ್ದಾಗ ಒಂದು ವಚನವೂ ನೆನಪಿರಲಿಲ್ಲ.

ಅತ್ತೆ ಬಾಗಿಲ ಹತ್ತಿರ ಕೂತು ನೋಡುತ್ತಿದ್ದರು. "ನಿನ್ನೆ ಉಣ್ಣದಿದ್ದದ್ದನ್ನ ಇವತ್ತ ಕೂಡಿಸಿ ಉಣ್ತಾರೇನವಾ?" ಅಂದರು.

ಅವರಿಗೆ 76. ಅವರ ಹತ್ತಿರ ಯಾವ ಧ್ಯಾನ ಪುಸ್ತಕವೂ ಇಲ್ಲ. ಇರುವುದು ಹಳೆಯ ಸತ್ಯವೇದ, ಅಂದರೆ ಬೈಬಲ್, ಒಂದೇ. ಅದರ ಬೆನ್ನು ಬಿಟ್ಟುಹೋಗಿದ್ದಾಗ ಇಳಕಲ್ ಸೀರೆಯ ಸೆರಗಿನ ತುಂಡು ಹಚ್ಚಿ ನಾನೇ ಹೊಲಿದುಕೊಟ್ಟಿದ್ದೆ. ಸತ್ಯವೇದದಲ್ಲಿ ಕೀರ್ತನೆಗಳು ಅನ್ನುವ 150 ಹಾಡುಗಳಿವೆ. ಅವರ ಲೆಕ್ಕ ಇಷ್ಟೇ: ಇವತ್ತು 12ನೇ ತಾರೀಕಾದರೆ 12ನೇ ಕೀರ್ತನೆ, ಅದಕ್ಕೆ 30 ಕೂಡಿಸಿ 42, ಆಮೇಲೆ 72, 102, 132. ದಿನಕ್ಕೆ ಐದರಂತೆ 30 ದಿನದಲ್ಲಿ 150 ಕೀರ್ತನೆಗಳೂ ಮುಗಿಯುತ್ತವೆ. 29ನೇ ತಾರೀಕಿನಂದು ಮಾತ್ರ ಅವರ ಚಹಾ ತಣ್ಣಗಾಗುತ್ತದೆ. ಅವತ್ತು ಪಾಲಿಗೆ ಬರುವುದು 119ನೇ ಕೀರ್ತನೆ, 176 ವಚನ. ಜ್ವರ ಬಂದು ಎರಡು ದಿನ ಮಲಗಿದರೆ ಆ ಎರಡು ದಿನದ್ದು ಬಿಟ್ಟೇ ಹೋಯಿತು. ಎದ್ದ ದಿನ ಎಷ್ಟನೇ ತಾರೀಕೋ ಅಲ್ಲಿಂದ ಮುಂದೆ. ಮುಂದಿನ ತಿಂಗಳು ಹೇಗೂ ಮತ್ತೆ ಬರುತ್ತದಲ್ಲ. ಅವರದ್ದೂ ತಾರೀಕೇ, ಆದರೆ ಅದರಲ್ಲಿ ಬಾಕಿ ಅನ್ನುವುದು ಹುಟ್ಟುವುದಿಲ್ಲ. ಇದು ನನ್ನ ತಲೆಗೆ ಹೋಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಯಾಕೆಂದರೆ ನಡುವೆ ಇನ್ನೊಂದು ಸಾಹಸ ಮಾಡಿದೆ. ನಮ್ಮ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿ, ಒಂದು ಜೆರಾಕ್ಸ್ ಹಾಳೆ ಕೊಟ್ಟಿದ್ದರು. ಸ್ಕಾಟ್ಲೆಂಡಿನ ಡಂಡೀ ಊರಿನ ರಾಬರ್ಟ್ ಮರ್ರಿ ಮಕ್‌ಚೇನ್ ಅನ್ನುವ ಬೋಧಕರು 1842ರ ಕೊನೆಯಲ್ಲಿ ತಮ್ಮ ಸಭೆಗೆ ಮಾಡಿಕೊಟ್ಟ ಪಟ್ಟಿ. ದಿನಕ್ಕೆ ನಾಲ್ಕು ಅಧ್ಯಾಯ, ಎರಡು ಮನೆಯವರೆಲ್ಲ ಕೂಡಿ ಓದಲಿಕ್ಕೆ, ಎರಡು ಒಬ್ಬೊಬ್ಬರೇ ಓದಲಿಕ್ಕೆ. ವರ್ಷದಲ್ಲಿ ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆ ಒಂದು ಸಲ, ಎರಡನೇ ಭಾಗವಾದ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಆ ಪಟ್ಟಿಯ ವರ್ಷ ಮುಗಿಯುವುದನ್ನು ಅವರು ನೋಡಲಿಲ್ಲ, 1843ರ ಮಾರ್ಚ್‌ನಲ್ಲಿ ತೀರಿಕೊಂಡರು. ಆಗಿನ್ನೂ 29 ವರ್ಷ. ನಾನು ಏಪ್ರಿಲ್‌ನಲ್ಲಿ ಅಂದಿನ ತಾರೀಕಿನಿಂದಲೇ ಸೇರಿಕೊಂಡೆ, ಹೋಗಿ ಬಿದ್ದದ್ದು ಹಳೆಯ ಒಡಂಬಡಿಕೆಯಲ್ಲಿ ಬಲಿಯ ವಿಧಿಗಳನ್ನು ಹೇಳುವ ಯಾಜಕಕಾಂಡದ ನಡುವೆ. ಒಂಬತ್ತು ದಿನ ತಾಳಿದೆ. ಆಮೇಲೆ ಸಭಾಪಾಲಕರೇ ನಗುತ್ತ ಹೇಳಿದರು, ಮಕ್‌ಚೇನ್ ಪಟ್ಟಿ ಕೊಡುವಾಗ ಲಾಭಕ್ಕಿಂತ ಮೊದಲು ಅಪಾಯಗಳನ್ನು ಬರೆದಿದ್ದಾರೆ ಅಂತ. ಬರೀ ಕಾಟಾಚಾರಕ್ಕೆ ಓದುವುದು, ಓದಿದೆನೆಂದು ಹೆಮ್ಮೆಪಡುವುದು, ಗಮನವಿಲ್ಲದೆ ಓದುವುದು, ಹೊರಲಾರದ ನೊಗವಾಗುವುದು. ನಾಲ್ಕನ್ನೂ ನಾನು ನಾಲ್ಕು ತಿಂಗಳಲ್ಲಿ ಮಾಡಿ ಮುಗಿಸಿದ್ದೆ. ಆ ಮಾತನ್ನು ಜೆರಾಕ್ಸ್ ಹಾಳೆಯ ಹಿಂದೆ ಅಚ್ಚು ಹಾಕಿಸಬೇಕಿತ್ತು.

ಮಗಳು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ಓದಿಹೇಳುವ ದನಿ ಚೆನ್ನಾಗಿದೆ, ಆದರೆ ಮಷೀನ್ ಓಡುವಾಗ ಏನೂ ಕೇಳಿಸುವುದಿಲ್ಲ. ಕೈಯಲ್ಲಿ ಹುಕ್ಕು, ಕಾಜಾ, ಹೆಮ್ಮಿಂಗ್ ಹಾಕುವಾಗ ಕೇಳುತ್ತೇನೆ. ಅದರೊಳಗೂ ಸತತ ಎಷ್ಟು ದಿನ ಆಯಿತು ಅಂತ ಒಂದು ಲೆಕ್ಕ ಓಡುತ್ತಿರುತ್ತದೆ. ಅದನ್ನು ನೋಡುವುದು ಬಿಟ್ಟೆ.

ಜೂನ್ ಮೊದಲ ಸೋಮವಾರ ಹೊಸದಾಗಿ ಶುರು ಮಾಡಿದೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದರಂತೆ ಹಿಡಿದರೆ ಸರಿಯಾಗಿ 52 ವಾರ. ಶನಿವಾರ ತಪ್ಪಿದ್ದಕ್ಕೆ, ಭಾನುವಾರ ಚರ್ಚಿಗೆ. ಆರ್ಡರ್ ಬರೆಯುವ ವಹಿಯ ಕೊನೆಯ ಪುಟದಲ್ಲಿ 260 ಚೌಕ ಗೀಚಿದೆ, ತಾರೀಕು ಹಾಕಲಿಲ್ಲ. ಓದುವ ಹೊತ್ತನ್ನು ಗಡಿಯಾರ ನೋಡಿ ಗೊತ್ತುಮಾಡಲೂ ಇಲ್ಲ. ಬೆಳಿಗ್ಗೆ ಮಷೀನ್ ತೆಗೆದು, ಬಾಬಿನ್ ಕೇಸಿನ ಸುತ್ತ ಸಿಕ್ಕ ದಾರದ ಜುಂಗು ಬ್ರಶ್ಶಿನಿಂದ ತೆಗೆದು, ತೂತುಗಳಿಗೆ ಒಂದೊಂದು ಹನಿ ಎಣ್ಣೆ ಬಿಡುತ್ತೇನೆ. ಎಣ್ಣೆ ಇಳಿಯಲು ಸ್ವಲ್ಪ ಹೊತ್ತು ಬಿಡಬೇಕು, ಇಲ್ಲದಿದ್ದರೆ ಮೊದಲ ಬ್ಲೌಸಿಗೇ ಕಲೆ. ಆ ಹೊತ್ತಿನಲ್ಲಿ ಒಂದು ಅಧ್ಯಾಯ. ಅದರ ಮೊದಲ ಪುಸ್ತಕ ಮತ್ತಾಯನ ಪುಟಗಳ ಮೂಲೆಗಳೆಲ್ಲ ಎಣ್ಣೆ ಹತ್ತಿ ಪಾರದರ್ಶಕ ಆಗಿವೆ.

ಅವತ್ತೇ ಆ 220 ರೂಪಾಯಿಯ ಪುಸ್ತಕವನ್ನೂ ತೆಗೆದುಕೊಂಡೆ. ಜೂನ್‌ನಿಂದ ಡಿಸೆಂಬರ್‌ವರೆಗಿನ ಪುಟಗಳ ತಲೆಯ ಮೇಲಿನ ತಾರೀಕನ್ನು ಒಂದು ಬೆರಳಗಲ ಕತ್ತರಿಸಿ ತೆಗೆದೆ. "ದೇವರ ಪುಸ್ತಕಕ್ಕ ಕತ್ತರಿ ಹಾಕ್ತಿಯಲ್ಲವಾ" ಅಂತ ಅತ್ತೆಗೆ ಗಾಬರಿ. ವಚನ ಒಂದೂ ಕತ್ತರಿಸಿಲ್ಲ ಅಂತ ತೋರಿಸಿದ ಮೇಲೆ ಸುಮ್ಮನಾದರು. ಈಗ ಅದು ಬೇಕೆನಿಸಿದಾಗ ತೆಗೆಯುವ ಪುಸ್ತಕ. ನಿಜ ಹೇಳಬೇಕೆಂದರೆ, ಕೆಲವು ಪುಟ ಬಹಳ ಚೆನ್ನಾಗಿವೆ. ತಾರೀಕಿನ ತಗಾದೆಯಲ್ಲಿ ಮೊದಲು ಕಂಡಿರಲಿಲ್ಲ.

ದಿನಕ್ಕೊಂದು ವಚನ ಅನ್ನುವುದು ಇವರು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರಾವಿಯನ್ ಸಭೆ ಅನ್ನುವ ಕ್ರೈಸ್ತ ಪಂಗಡದವರು 1728ರಲ್ಲೇ ಶುರು ಮಾಡಿದ್ದರು, 1731ರಿಂದ ಪುಸ್ತಕವಾಗಿ ಅಚ್ಚಾಗುತ್ತಿದೆ. ಹಳೆಯ ಒಡಂಬಡಿಕೆಯ ವಚನವನ್ನು ಇಂದಿಗೂ ಚೀಟಿ ಎತ್ತಿ ಆರಿಸುತ್ತಾರೆ. ಅಲ್ಲಿ ಕೊಡುವುದು ವಚನಗಳು, ಜೊತೆಗೆ ಒಂದು ಹಾಡಿನ ಸಾಲೋ ಸಣ್ಣ ಪ್ರಾರ್ಥನೆಯೋ ಅಷ್ಟೇ, ಹಿಮದ ಕಾರಿನ ಕಥೆ ಇಲ್ಲ. ನಮ್ಮವರೂ ಹಾಗೆ ಮಾಡಿ, ಉಳಿದ ಜಾಗ ಖಾಲಿ ಬಿಟ್ಟರೆ ನಾನು 220 ಅಲ್ಲ, 300 ಕೊಟ್ಟೇನು.

ದೀಪಾವಳಿಯ ಗಡಿಬಿಡಿಯಲ್ಲಿ 98ನೇ ಚೌಕ ಬಂತು, ಅಪೊಸ್ತಲರ ಕೃತ್ಯಗಳು ಪುಸ್ತಕದ 9ನೇ ಅಧ್ಯಾಯ. ಯೊಪ್ಪದಲ್ಲಿ ತಬಿಥಾ ತೀರಿಕೊಂಡಿದ್ದಾಳೆ. ಯೇಸುವಿನ ಶಿಷ್ಯ ಪೇತ್ರ ಬಂದಾಗ ವಿಧವೆಯರು ಅಳುತ್ತ ನಿಂತು, ಅವಳು ಇದ್ದಾಗ ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸುತ್ತಾರೆ. ಎಷ್ಟು ಸಲ ಕೇಳಿದ ಕಥೆ. ಆದರೆ ಪಕ್ಕದಲ್ಲಿ ಹದಿನಾಲ್ಕು ಬ್ಲೌಸು ಕತ್ತರಿಸಿ ಇಟ್ಟುಕೊಂಡು ಯಾವತ್ತೂ ಓದಿರಲಿಲ್ಲ. ಅವರು ತೋರಿಸುವಾಗ ಒಳಗಿನ ಹೊಲಿಗೆ ತಿರುಗಿಸಿ ನೋಡಿರುತ್ತಾರಾ ಅಂತ ಯೋಚಿಸುತ್ತ ಕೂತೆ. ಎಣ್ಣೆ ಇಳಿದು ಎಷ್ಟೋ ಹೊತ್ತಾಗಿತ್ತು. ಮರುದಿನವೂ ಅದನ್ನೇ ಓದಿದೆ, ಚೌಕ ತುಂಬಲಿಲ್ಲ.

ಈಗ 112 ತುಂಬಿವೆ. ಲೆಕ್ಕದ ಪ್ರಕಾರ ಇನ್ನೂ ಸ್ವಲ್ಪ ಹೆಚ್ಚು ಆಗಬೇಕಿತ್ತು.

ಮುಂದಿನ ವರ್ಷದ ಪುಸ್ತಕ ಮೇಜಿಗೆ ಬಂದಿದೆ, ಬೆಲೆ 240. ಬ್ಯಾಂಕು, ಶಾಲೆ, ಹೀಗೆ ಹೊತ್ತಿಗೆ ಸರಿಯಾಗಿ ಹೋಗಿ ಬರುವವರು ಧೈರ್ಯವಾಗಿ ತೆಗೆದುಕೊಳ್ಳಿ, ಬೈಂಡಿಂಗ್ ವರ್ಷವಿಡೀ ಜಗ್ಗುವುದಿಲ್ಲ. ರಾತ್ರಿ ಪಾಳಿಯ ನರ್ಸಮ್ಮಂದಿರು, ಬಸ್ಸಿನವರು, ನನ್ನಂಥವರು ತೆಗೆದುಕೊಂಡರೆ ಮೊದಲು ತಾರೀಕು ಕತ್ತರಿಸಿ. ಮಕ್ಕಳ ಕತ್ತರಿ ಸಾಕು. ಬಟ್ಟೆ ಕತ್ತರಿ ಮುಟ್ಟಬೇಡಿ, ಕಾಗದಕ್ಕೆ ಅದರ ಬಾಯಿ ಹೋಗುತ್ತದೆ.