ಇಸಿಟಿ ವಿಭಾಗದ ಬಗ್ಗೆ: ಪ್ರತಿ ಸಲ ನಿದ್ದೆ ವಿಚಾರಿಸುವ ಜಾಗ

ಅಕ್ಕನಿಗೆ ಬೈಪೋಲಾರ್ ಕಾಯಿಲೆ. ಈ ಸಲ ಡಿಪ್ರೆಶನ್ ಎಷ್ಟು ಜೋರಾಗಿತ್ತು ಅಂದರೆ ಊಟ, ನೀರು ಎರಡೂ ಬಿಟ್ಟಿದ್ದಳು. ಹಾಗಾಗಿ ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಇಸಿಟಿ ಕೊಡಿಸಿದೆವು. ಜನ ಕರೆಂಟ್ ಕೊಡೋದು ಅಂತಾರಲ್ಲ, ಅದೇ; ತಲೆಗೆ ಸ್ವಲ್ಪ ಕರೆಂಟ್ ಹರಿಸಿ ಫಿಟ್ಸ್ ಬರಿಸುವ ಚಿಕಿತ್ಸೆ.

ಮನೆಯಲ್ಲಿ ಎಲ್ಲರಿಗೂ ಸಿನಿಮಾದ ಭಯ. ಆದರೆ ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ. ಸ್ನಾಯು ಸಡಿಲಿಸುವ ಮೊದಲು ಒಂದು ಕಾಲಿಗೆ ಬಿಪಿ ಪಟ್ಟಿ ಬಿಗಿಯುತ್ತಾರಂತೆ. ಆ ಪಾದಕ್ಕೆ ಮದ್ದು ತಲುಪುವುದಿಲ್ಲ, ಅದು ಅದುರುವುದನ್ನು ನೋಡಿ ಫಿಟ್ಸ್ ಎಷ್ಟು ಹೊತ್ತು ಬಂತು ಅಂತ ಲೆಕ್ಕ ಹಾಕುತ್ತಾರೆ.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಡಿಪ್ರೆಶನ್ ಇಳಿಯುತ್ತಾ ಮನಸ್ಸು ಮೇನಿಯಾ ಕಡೆ, ಅಂದರೆ ಬೈಪೋಲಾರ್‌ನ ಇನ್ನೊಂದು ತುದಿಯಾದ ವಿಪರೀತ ಉತ್ಸಾಹದ ಕಡೆ, ಹಾರಬಹುದು ಅಂತ ಡಾಕ್ಟರ್ ಮೊದಲ ದಿನವೇ ಹೇಳಿದರು. ಮಾತ್ರೆಗಳನ್ನು ಒಂದೊಂದಾಗಿ ನೋಡಿ ಡಿಪ್ರೆಶನ್ ಮಾತ್ರೆ ನಿಲ್ಲಿಸಿದರು. ವಾಲ್ಪ್ರೊಯೇಟ್ ಫಿಟ್ಸ್ ತಡೆಯುವ ಮದ್ದು, ಇಸಿಟಿಗೆ ಬೇಕಾಗಿರುವುದೇ ಫಿಟ್ಸ್, ಅದಕ್ಕೆ ಅದನ್ನು ಕಡಿಮೆ ಮಾಡಿದರು. ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆಯನ್ನು ಪೂರ್ತಿ ಬಿಡಿಸಲಿಲ್ಲ. ಇಸಿಟಿ ಜೊತೆ ಸೇರಿ ಗೊಂದಲ ಜಾಸ್ತಿಯಾಗಬಾರದು ಅಂತ ರಕ್ತದ ಮಟ್ಟ ನೋಡಿ, ಹಿಂದಿನ ರಾತ್ರಿಯ ಡೋಸ್ ಮಾತ್ರ ತಪ್ಪಿಸುತ್ತಿದ್ದರು.

ಪ್ರತಿ ಸಲ ನರ್ಸ್ ಮೊದಲು ಕೇಳುತ್ತಿದ್ದುದು "ರಾತ್ರಿ ಎಷ್ಟು ಗಂಟೆ ಮಲಗಿದ್ರು?" ಕೋರ್ಸ್ ಅರ್ಧದಲ್ಲಿ ಅಕ್ಕ ನಡುರಾತ್ರಿ ಎದ್ದು ಪಾತ್ರೆ ಎಲ್ಲ ತೊಳೆದಿಟ್ಟು, ಯಾರ್ಯಾರಿಗೋ ಫೋನ್ ಮಾಡಿ ಮಾತಾಡಿದ್ದಳು. ನಮಗೆ ಖುಷಿ, ಹುಷಾರಾದಳು ಅಂತ. ಆಸ್ಪತ್ರೆಯವರು ಮಾತ್ರ ಅದನ್ನೇ ಹಿಡಿದು ವಿಚಾರಿಸಿ, ಮುಂದಿನ ಸೆಷನ್ ತಡೆದು, ಮೇನಿಯಾ ಇಳಿಸುವ ಓಲಾಂಜಪಿನ್ ಮಾತ್ರೆ ಶುರು ಮಾಡಿದರು. ಇಸಿಟಿ ಮೇನಿಯಾಗೂ ಕೆಲಸ ಮಾಡುವ ಚಿಕಿತ್ಸೆ, ಬೇಕಾದರೆ ಮುಂದುವರಿಸಬಹುದು, ಗಾಬರಿ ಬೇಡ ಅಂತ ಕೂತು ವಿವರಿಸಿದರು. ಆಮೇಲೆ ಅವಳ ನಿದ್ದೆ ಹಳಿಗೆ ಬಂತು.

ಬೇಸರವೂ ಇದೆ. ಎಚ್ಚರವಾಗುವ ಕೋಣೆಯಲ್ಲಿ ಮಂಚಗಳ ನಡುವೆ ಪರದೆಯೇ ಇಲ್ಲ. ಬಾಯಿ ತೆರೆದು, ಬಟ್ಟೆ ಸರಿದು ಮಲಗಿರುವ ಹೆಣ್ಣುಮಗಳನ್ನು ಬೇರೆ ರೋಗಿಗಳ ಕಡೆಯವರು ದಾಟಿಕೊಂಡು ಓಡಾಡುತ್ತಾರೆ, ಇದು ತಪ್ಪಲ್ವಾ? ಡಿಸ್ಚಾರ್ಜ್ ಕಾಗದದಲ್ಲಿ ಮೇನಿಯಾದ ಸೂಚನೆಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನೇ ಕೇಳಿ ಕನ್ನಡದಲ್ಲಿ ಬರೆಸಿಕೊಂಡೆ: ನಿದ್ದೆ ಕಡಿಮೆ ಆದರೂ ಸುಸ್ತಿಲ್ಲದಿರುವುದು, ಮಾತಿನ ಓಟ, ದುಡ್ಡಿನ ಖರ್ಚು, ಸುಮ್ನೆ ಸಿಟ್ಟು. ಅಲ್ಲಿಗೆ ಹೋಗುವವರು ನೀವೂ ಕೇಳಿ ಬರೆಸಿಕೊಳ್ಳಿ.