ಬ್ರಿಟನ್ ರಾಜಕೀಯದ ಸಂಜೆ ಕೋರ್ಸ್: ಓಟಿನ ಪಾಠ ಚೆನ್ನ, ಉಳಿದದ್ದು ಅಷ್ಟಕ್ಕಷ್ಟೇ

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ರಾಜಕೀಯ ಶಾಸ್ತ್ರ ಓದಿ ಆಗಬೇಕಾದ್ದೇನೂ ಇಲ್ಲ. ಆದರೆ ಲೆಸ್ಟರ್‌ನಲ್ಲಿ ನನಗೆ ಓಟಿದೆ. ಕಾಮನ್‌ವೆಲ್ತ್ ದೇಶದವರು ವೀಸಾ ಮೇಲೆ ಇಲ್ಲಿ ವಾಸವಿದ್ದರೂ ಪಾರ್ಲಿಮೆಂಟ್ ಚುನಾವಣೆಗೆ ಓಟು ಹಾಕಬಹುದು. ಮತಗಟ್ಟೆಯಲ್ಲಿ ನಮ್ಮ ಭಾರತದ ಪಾಸ್‌ಪೋರ್ಟನ್ನೇ ತೋರಿಸಿದರೆ ಸಾಕು. ಇದು ಗೊತ್ತಿಲ್ಲದ ಕನ್ನಡದವರು ಇಲ್ಲಿ ಎಷ್ಟೋ ಜನ ಇದ್ದಾರೆ. ಹಾಕುವ ಓಟನ್ನು ಸ್ವಲ್ಪ ತಿಳಿದು ಹಾಕೋಣ ಅಂತ ಪಕ್ಕದ ಊರಿನ ವಿಶ್ವವಿದ್ಯಾಲಯವೊಂದರ ಹತ್ತು ವಾರದ ಕೋರ್ಸ್ ಸೇರಿದೆ. ಡಿಗ್ರಿ ಮೊದಲ ವರ್ಷದ ಮಟ್ಟದ್ದು.

ಚುನಾವಣಾ ಪದ್ಧತಿಯ ಪಾಠ ನಿಜಕ್ಕೂ ಚೆನ್ನಾಗಿತ್ತು. ಮೇಡಂ ಒಂದು ಹಾಳೆ ಹಂಚಿದರು. ಅದರಲ್ಲಿ ಪಕ್ಷದ ಹೆಸರಿಲ್ಲ, ವರ್ಷವಿಲ್ಲ. ಎ ಪಕ್ಷಕ್ಕೆ ಶೇ. 42.4 ಓಟು, ಬಿಗೆ 27.6, ಸಿಗೆ 25.4. ಒಟ್ಟು ಸೀಟು 650. ಯಾರಿಗೆ ಎಷ್ಟು ಬಂದಿರಬಹುದು, ಬರೆಯಿರಿ ಎಂದರು. ನಾವೆಲ್ಲ ಲೆಕ್ಕ ಹಾಕಿ 275, 180, 165 ಅಂತ ಬರೆದೆವು. ಹಾಳೆ ತಿರುಗಿಸಿದರೆ 397, 209, 23! ಅದು 1983ರ ಚುನಾವಣೆ. ಎ ಅಂದರೆ ಕನ್ಸರ್ವೇಟಿವ್, ಬಿ ಲೇಬರ್, ಸಿ ಅಂದರೆ ಎಸ್‌ಡಿಪಿ–ಲಿಬರಲ್ ಎಂಬ ಎರಡು ಪಕ್ಷಗಳ ಮೈತ್ರಿಕೂಟ. ನನ್ನ ಪಕ್ಕ ಕೂತಿದ್ದ ನಿವೃತ್ತ ಬಸ್ ಡ್ರೈವರ್ ಪೆನ್ಸಿಲ್ ಕೆಳಗಿಟ್ಟು, 'ನಾನು ಆವಾಗ ಇವರಿಗೇ ಹಾಕಿದ್ದೆ' ಎಂದರು.

ಆ ಕೂಟದ ಓಟು ದೇಶದ ತುಂಬಾ ಸಮವಾಗಿ ಹರಡಿತ್ತು. ಎಲ್ಲ ಕಡೆ ಓಟು, ಗೆಲುವು ಮಾತ್ರ ಕೆಲವೇ ಕಡೆ. ಎರಡನೇ ಸ್ಥಾನ ಎಷ್ಟು ಬಂದರೂ ಸೀಟು ಸೊನ್ನೆ. 2015ರಲ್ಲಿ ಇದರ ಎರಡೂ ಮುಖ ಒಟ್ಟಿಗೇ ಕಂಡವು. ಯುರೋಪ್ ಒಕ್ಕೂಟ ಬಿಡಬೇಕು ಅನ್ನುತ್ತಿದ್ದ ಯುಕಿಪ್ ಪಕ್ಷಕ್ಕೆ ಶೇ. 12.6 ಓಟು ಬಂದು ಒಂದೇ ಸೀಟು. ಸ್ಕಾಟ್ಲೆಂಡಿನಲ್ಲಿ ಮಾತ್ರ ನಿಲ್ಲುವ ಎಸ್‌ಎನ್‌ಪಿಗೆ ಶೇ. 4.7 ಓಟಿಗೆ 56 ಸೀಟು. ನಾನು ಕೈ ಎತ್ತಿ 2018ರ ಕರ್ನಾಟಕದ ಕಥೆ ಹೇಳಿದೆ. ಜಾಸ್ತಿ ಓಟು ಕಾಂಗ್ರೆಸ್‌ಗೆ, ಜಾಸ್ತಿ ಸೀಟು ಬಿಜೆಪಿಗೆ, 104. ಮೇಡಂ ಬೋರ್ಡ್ ಮೇಲೆ ಬರೆದುಕೊಂಡರು. ಪದ್ಧತಿ ಇವರದ್ದೇ ಅಲ್ವಾ!

ನಮ್ಮ ಲೆಸ್ಟರ್ ಈಸ್ಟ್ ಬಗ್ಗೆಯೂ ಕೇಳಿದೆ. 2024ರಲ್ಲಿ ದೇಶವೆಲ್ಲ ಲೇಬರ್ ಕಡೆ ವಾಲಿತು. ಶೇ. 34ರಷ್ಟೂ ಓಟಿಲ್ಲದೆ ಅವರಿಗೆ 411 ಸೀಟು ಬಂತು. ಆದರೆ ಇಲ್ಲಿ ಕನ್ಸರ್ವೇಟಿವ್‌ನವರು ಲೇಬರ್ ಸೀಟನ್ನೇ ಕಿತ್ತುಕೊಂಡರು. ಹಿಂದೆ ಇದೇ ಕ್ಷೇತ್ರದಿಂದ ಲೇಬರ್ ಟಿಕೆಟ್‌ನಲ್ಲಿ ಗೆದ್ದಿದ್ದ ಇಬ್ಬರು ಬೇರೆ ಬೇರೆಯಾಗಿ ನಿಂತು ಓಟು ಒಡೆದಿದ್ದರು. ಗೆದ್ದವರಿಗೆ ಮೂರನೇ ಒಂದು ಪಾಲು ಓಟೂ ಇರಲಿಲ್ಲ. ಅವತ್ತು ತರಗತಿ ಅರ್ಧ ಗಂಟೆ ಜಾಸ್ತಿ ನಡೆಯಿತು. ಯಾರೂ ಎದ್ದು ಹೋಗಲಿಲ್ಲ.

ಪಕ್ಷಗಳು ನಾಯಕನನ್ನು ಆರಿಸುವ ಪಾಠವೂ ಸೊಗಸು. ರಿಷಿ ಸುನಕ್ ನಮ್ಮ ಕಡೆಯ ಅಳಿಯ ಅಂತ ಖುಷಿಪಟ್ಟೆವಲ್ಲ, ಅವರು ಗದ್ದುಗೆ ಏರಿದ ರೀತಿ ಇಲ್ಲೇ ಅರ್ಥವಾಗಿದ್ದು. 2022ರ ಸೆಪ್ಟೆಂಬರ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಸದಸ್ಯರ ಓಟಿನಲ್ಲಿ ಲಿಜ್ ಟ್ರಸ್‌ಗೆ 81,326, ಸುನಕ್‌ಗೆ 60,399. ಟ್ರಸ್ ಎರಡು ತಿಂಗಳೂ ಉಳಿಯಲಿಲ್ಲ. ಅಕ್ಟೋಬರ್‌ನಲ್ಲಿ ಸ್ಪರ್ಧಿಸಬೇಕಾದರೆ ಕನಿಷ್ಠ 100 ಸಂಸದರ ಬೆಂಬಲ ಇರಬೇಕು ಅಂತ ನಿಯಮ ಮಾಡಿದರು. ಕೊನೆಗೆ ಕಣದಲ್ಲಿ ಉಳಿದದ್ದು ಸುನಕ್ ಒಬ್ಬರೇ. ಸದಸ್ಯರ ಓಟೇ ನಡೆಯಲಿಲ್ಲ!

ಇನ್ನು ದೂರುಗಳು. ಕಾರ್ಮಿಕರು ಲೇಬರ್‌ಗೆ, ಅನುಕೂಲಸ್ಥರು ಕನ್ಸರ್ವೇಟಿವ್‌ಗೆ ಅನ್ನುವ 1960ರ ದಶಕದ ಕೋಷ್ಟಕಗಳಲ್ಲೇ ಮೂರು ವಾರ ಕಳೆದರು. ಈಗ ವಯಸ್ಸು, ಓದು ನೋಡಿ ಓಟು ಊಹಿಸುವುದು ಸುಲಭ. ಅದಕ್ಕೆ, ಬ್ರೆಕ್ಸಿಟ್‌ಗೆ, 2019ರಲ್ಲಿ ಗಣಿ ಊರು ಬೋಲ್ಸೋವರ್ ಕೂಡ ಲೇಬರ್ ಕೈತಪ್ಪಿದ್ದಕ್ಕೆ, ಎಲ್ಲಕ್ಕೂ ಸೇರಿ ಒಂದೇ ಸಂಜೆ. ಉತ್ತರ ಐರ್ಲೆಂಡಿನ ಪಕ್ಷಗಳೇ ಬೇರೆ, ಅಲ್ಲಿನ ಅಸೆಂಬ್ಲಿಗೆ ಓಟು ಹಾಕುವ ರೀತಿಯೂ ಬೇರೆ. ಅದಕ್ಕೆ ಸಿಕ್ಕಿದ್ದು ಒಂದು ಸ್ಲೈಡ್. ವಲಸೆ ಬಂದವರ ಓಟಿಗೂ ಅಷ್ಟೇ, ತರಗತಿಯಲ್ಲಿ ಅರ್ಧ ಜನ ನಾವೇ ಇದ್ದರೂ! ಪಾಠದ ರೆಕಾರ್ಡಿಂಗ್ ಹಾಕುತ್ತೇವೆ ಅಂದಿದ್ದರು, ಹಾಕಿದ್ದು ಮೊದಲ ಎರಡು ವಾರದ್ದು ಮಾತ್ರ. ಮೇಲ್ ಮಾಡಿದರೆ ಉತ್ತರವಿಲ್ಲ.

ಫೀಸು ಇನ್ನೂರು ಪೌಂಡ್ ಆಸುಪಾಸು. ಐದಕ್ಕೆ ಮೂರೂವರೆ ಕೊಡುತ್ತೇನೆ. ಸರ್ಟಿಫಿಕೇಟ್ ಬೇಕೆಂದರೆ 1500 ಪದದ ಪ್ರಬಂಧ ಬರೆಯಬೇಕು. ಬೇಡದವರು ಸುಮ್ನೆ ಕೂತು ಕೇಳಬಹುದು, ಯಾರೂ ಒತ್ತಾಯ ಮಾಡುವುದಿಲ್ಲ. ಪಟ್ಟಿಯಲ್ಲಿರುವ ದಪ್ಪ ಪುಸ್ತಕವನ್ನು ಕೊಳ್ಳಬೇಡಿ, ಲೈಬ್ರರಿಯಲ್ಲಿ ಸಿಗುತ್ತದೆ. ಓಟರ್ ಪಟ್ಟಿಯಲ್ಲಿ ಇನ್ನೂ ಹೆಸರಿಲ್ಲದವರು ಕೋರ್ಸ್‌ಗಿಂತ ಮೊದಲು ಅದನ್ನು ಮುಗಿಸಿ. ಆನ್‌ಲೈನ್‌ನಲ್ಲೇ ಆಗುತ್ತದೆ, ದುಡ್ಡೂ ಇಲ್ಲ.